ನೀರಿನ ಬಣ್ಣವನ್ನೇ ನೆಚ್ಚಿದ ಕೆ. ವೆಂಕಟಪ್ಪ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಚಿತ್ರಕಲೆಯ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ತರಗತಿಯಲ್ಲಿ ಮಕ್ಕಳು ವರ್ಷ ವರ್ಷವೂ ಕೇಳುವ ಒಂದು ಪ್ರಶ್ನೆ ನೆನಪಾಯಿತು. ನಿಜವಾದ ಚಿತ್ರಕಾರರೆಲ್ಲ ಆಯಿಲ್ ಪೇಂಟ್‌ನಲ್ಲಿ ತಾನೇ ಬರೆಯುವುದು, ನಮಗೇಕೆ ಈ ಪೋಸ್ಟರ್ ಕಲರ್ ಎಂದು ಅವರು ಕೇಳುತ್ತಾರೆ. ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟುವ ಮಕ್ಕಳಲ್ಲಿಯೂ ತಮ್ಮ ಕೈಯಲ್ಲಿರುವ ಬಣ್ಣದ ಬಗ್ಗೆ ಒಂದು ಬಗೆಯ ಕೀಳರಿಮೆ ಇರುತ್ತದೆ. ಈ ಪ್ರಶ್ನೆಗೆ ಉತ್ತರವಾಗಿ ನಾನು ಹೇಳುವುದು ಕೆ. ವೆಂಕಟಪ್ಪನವರ ಜೀವನ ಕಥೆಯನ್ನು. ಕರ್ನಾಟಕದ ಆಧುನಿಕ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬರಾದ ಅವರು ಹೆಸರು ಮಾಡಿದ್ದು ನೀರಿನ ಬಣ್ಣದಿಂದ. ಅವರ ಮನೆತನದ ಬೇರು ಇರುವುದು ನಮ್ಮ ಈ ಹಂಪಿಯ ನೆಲದಲ್ಲಿ.

ಹಂಪಿ ಬಜಾರಿನ ಪಶ್ಚಿಮದ ತುದಿಯಲ್ಲಿ ವಿರೂಪಾಕ್ಷನ ಗುಡಿ ಇದೆ. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಕಾಲದಲ್ಲಿ, 1509–10ರ ಸುಮಾರಿಗೆ, ಅಲ್ಲಿ ರಂಗಮಂಟಪ ಕಟ್ಟಿಸಿದ. ಆ ಮಂಟಪದಲ್ಲಿ ನಿಂತು ತಲೆ ಎತ್ತಿ ನೋಡಿದರೆ ಗಿರಿಜಾ ಕಲ್ಯಾಣ, ಸೀತಾರಾಮರ ವಿವಾಹ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ಹೊರಟ ವಿದ್ಯಾರಣ್ಯರು ಎಲ್ಲರೂ ಕಾಣುತ್ತಾರೆ. ಹಬ್ಬ ಹುಣ್ಣಿಮೆಗೆ ಹೋದಾಗ ನಾವೆಲ್ಲ ಅವನ್ನು ನೋಡಿದವರೇ. ಆದರೆ ಅಲ್ಲಿನ ಬಣ್ಣ ಯಾವುದು ಎಂದು ಕೇಳಿದವರು ಕಡಿಮೆ. ಗಾರೆಯ ಮೇಲೆ ಕಾವಿ, ಹಳದಿ ಮಣ್ಣು, ಮಸಿ, ಸುಣ್ಣದ ಬಿಳಿ ಇಂಥ ಬಣ್ಣಗಳನ್ನು ಒತ್ತಾಗಿ, ಹಿಂದಿನದು ಕಾಣದಂತೆ ಹಚ್ಚಿ, ಅಂಚಿಗೆ ಕಪ್ಪು ಗೆರೆ ಎಳೆಯುವುದು ಆ ಕ್ರಮ. ಅದರಲ್ಲಿ ಎಣ್ಣೆಯ ಹೊಳಪಿಲ್ಲ.

1565ರ ಯುದ್ಧದಲ್ಲಿ ವಿಜಯನಗರ ಹಾಳಾದ ಮೇಲೆ ಇಲ್ಲಿನ ಕಸುಬುದಾರರು ಆಶ್ರಯ ಹುಡುಕಿಕೊಂಡು ಚದುರಿದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಇಂಥ ಚಿತ್ರಗಾರ ಮನೆತನಗಳಿಗೆ ಆಶ್ರಯ ಕೊಟ್ಟರೆಂಬ ಮಾತು ಪರಂಪರೆಯಲ್ಲಿ ನಡೆದು ಬಂದಿದೆ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆ ಮೈಸೂರು ಶೈಲಿ ಎಂದು ಹೆಸರಾಯಿತು. ವಿಜಯನಗರದ ಆಸ್ಥಾನ ಚಿತ್ರಗಾರರ ವಂಶ ಎಂದು ಹೇಳಿಕೊಳ್ಳುತ್ತಿದ್ದ ಇಂಥ ಒಂದು ಮನೆತನದಲ್ಲಿ ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಕುಂಚ ಹಿಡಿಯುವುದು ಮನೆಯ ಕಸುಬೇ ಆಗಿತ್ತು.

ಆ ಕಸುಬಿನ ರೀತಿಯನ್ನು ಸ್ವಲ್ಪ ತಿಳಿಯಬೇಕು. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ಗೆರೆ ಹಾಕುತ್ತಿದ್ದರು. ಒಡವೆ, ಸಿಂಹಾಸನ, ಕಮಾನು ಇವುಗಳ ಜಾಗದಲ್ಲಿ ಬಿಳಿ ಪುಡಿ ಮತ್ತು ಅಂಟು ಕಲಸಿದ ಮಸಾಲೆಯನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಉಳಿದ ಜಾಗಕ್ಕೆ ಗೋಂದಿನಲ್ಲಿ ಅರೆದ ಬಣ್ಣ. ಗೋಂದು ನೀರಿನಲ್ಲಿ ಕರಗುತ್ತದೆ, ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುತ್ತದೆ. ಇದು ಜಾಲಿ ಜಾತಿಯ ಮರದಿಂದ ಬರುವ ಅಂಟು. ಪುಡಿ ಹೆಚ್ಚಾಗಿ, ಬೇಕಾದಲ್ಲಿ ಬಿಳಿಯನ್ನೂ ಬೆರೆಸಿ ಹಚ್ಚಿದರೆ ಅಡಿಯ ಕಾಗದ ಕಾಣುವುದಿಲ್ಲ. ಇದನ್ನೇ ಯುರೋಪಿನವರು ಗ್ವಾಶ್ ಎನ್ನುತ್ತಾರೆ. ನಮ್ಮ ಮಕ್ಕಳ ಪೋಸ್ಟರ್ ಕಲರ್ ಅದರ ಅಗ್ಗದ ತಮ್ಮ. ಹೆಸರು ಪರದೇಶದ್ದಾದರೂ ಆ ಬಗೆಯ ಬಣ್ಣ ನಮ್ಮ ಚಿತ್ರಗಾರರಿಗೆ ಹೊಸದಾಗಿರಲಿಲ್ಲ.

ವೆಂಕಟಪ್ಪನವರು ಬೆಳೆಯುವ ಹೊತ್ತಿಗೆ ಅರಮನೆಗಳಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ತಿರುವಾಂಕೂರಿನ ರಾಜಾ ರವಿವರ್ಮನ ತೈಲಚಿತ್ರಗಳು ದೇಶದ ರಾಜರನ್ನೆಲ್ಲ ಮೋಡಿ ಮಾಡಿದ್ದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಆತನ ಚಿತ್ರಗಳನ್ನು ಇಂದಿಗೂ ನೋಡಬಹುದು. ತೈಲವರ್ಣದಲ್ಲಿ ಗೋಂದಿನ ಬದಲು ಅಗಸೆ ಎಣ್ಣೆ ಇರುತ್ತದೆ. ನೀರು ಆರಿದಂತೆ ಎಣ್ಣೆ ಆರುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಅದಕ್ಕೆ ದಿನಗಳು, ದಪ್ಪವಾಗಿ ಹಚ್ಚಿದಲ್ಲಿ ವಾರಗಳೇ ಬೇಕು. ಅಷ್ಟರವರೆಗೆ ಚಿತ್ರಕಾರ ತಿದ್ದಬಹುದು, ಒಂದು ಬಣ್ಣವನ್ನು ಇನ್ನೊಂದರೊಳಗೆ ಮೆಲ್ಲಗೆ ಬೆರೆಸಬಹುದು, ಕೆನ್ನೆಯ ನುಣುಪನ್ನೂ ಜರಿ ಸೀರೆಯ ಮಿನುಗನ್ನೂ ತರಬಹುದು. ದೊಡ್ಡ ಕ್ಯಾನ್‌ವಾಸ್, ಹೊಳಪು, ಎದ್ದು ಬರುವಂಥ ಆಕೃತಿ ಇವೆಲ್ಲ ಸೇರಿ ಜನರ ಮನಸ್ಸಿನಲ್ಲಿ ಎಣ್ಣೆಯ ಬಣ್ಣಕ್ಕೆ ಮೇಲಿನ ಮಣೆ ಸಿಕ್ಕಿತು. ಮನೆತನದ ಚಿತ್ರಗಾರರು ಹಳೆಯ ಕಾಲದವರು ಎನಿಸಿಕೊಂಡರು.

ತರುಣ ವೆಂಕಟಪ್ಪನವರ ಕೈಚಳಕವನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ನೆರವಿನಿಂದ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಸೇರಿದರು. ಅಲ್ಲಿ ಅವರ ಗುರುಗಳು ಅವನೀಂದ್ರನಾಥ ಟಾಗೋರ್, ಜೊತೆಗಾರರು ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮುಂತಾದವರು. ಅದು ಸ್ವದೇಶಿ ಚಳವಳಿಯ ಕಾಲ. ಯುರೋಪಿನ ತೈಲಚಿತ್ರದ ಅನುಕರಣೆ ಬಿಟ್ಟು ನಮ್ಮದೇ ದಾರಿ ಹುಡುಕಬೇಕೆಂಬ ಹಂಬಲ ಆ ಗುರು ಶಿಷ್ಯರದು. ಅವನೀಂದ್ರರು ಮೊಗಲ ಚಿತ್ರಗಳನ್ನು ಅಭ್ಯಾಸ ಮಾಡಿದ್ದರು, 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರ ಕೆಲಸವನ್ನೂ ಹತ್ತಿರದಿಂದ ನೋಡಿದ್ದರು. ಬಣ್ಣ ಹಚ್ಚಿದ ಕಾಗದ ಒಣಗಿದ ಮೇಲೆ ಅದನ್ನು ನೀರಿನಲ್ಲಿ ತೋಯಿಸುವುದು, ಮತ್ತೆ ತೆಳುವಾಗಿ ಬಣ್ಣ ಹಚ್ಚುವುದು, ಮತ್ತೆ ತೋಯಿಸುವುದು ಹೀಗೆ ಅವರು ರೂಢಿಸಿದ ಪದ್ಧತಿಗೆ ವಾಶ್ ಎಂದು ಹೆಸರಾಯಿತು. ಮುಂಜಾನೆಯ ಮಂಜಿನಲ್ಲಿ ನೋಡಿದಂತೆ ಚಿತ್ರದ ಅಂಚುಗಳು ಮೃದುವಾಗುತ್ತಿದ್ದವು.

ಒತ್ತಾದ ಬಣ್ಣದಲ್ಲಿ ಪಳಗಿದ ಕೈಗೆ ಈ ತಿಳಿಯಾದ ಜಲವರ್ಣ ಬೇರೆಯೇ ಶಿಸ್ತನ್ನು ಬೇಡುತ್ತದೆ. ಎರಡರಲ್ಲಿಯೂ ಗೋಂದೇ, ನೀರೇ. ಆದರೆ ತಿಳಿಯಾದ ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವೇ ಬಿಳಿ. ಬೆಳಕು ಎಲ್ಲಿ ಬೇಕೋ ಅಲ್ಲಿ ಕಾಗದವನ್ನು ಮುಟ್ಟದೆ ಬಿಡಬೇಕು. ತಿಳಿಯಿಂದ ಗಾಢಕ್ಕೆ ಹೋಗಬೇಕು, ಹಿಂದಕ್ಕೆ ಬರುವುದು ಕಷ್ಟ. ತಪ್ಪಾದರೆ ಮುಚ್ಚಲು ಮೇಲೊಂದು ಪದರ ಹಚ್ಚಿ ಪ್ರಯೋಜನವಿಲ್ಲ, ಅಡಿಯದು ಕಾಣುತ್ತಲೇ ಇರುತ್ತದೆ.

ಕಲ್ಕತ್ತೆಯ ದಿನಗಳಲ್ಲಿ ಅವರಿಗೆ ಇನ್ನೊಂದು ಅವಕಾಶ ಒದಗಿತು. ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಮಹಿಳೆ 1909ರಿಂದ 1911ರ ನಡುವೆ ಅಜಂತಾ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡುವ ಕೆಲಸ ಕೈಗೊಂಡರು. ಎಣ್ಣೆ ಬಳಸದ ಹಳೆಯ ಇಟಲಿಯ ವರ್ಣಪದ್ಧತಿಗಳನ್ನು ಆಳವಾಗಿ ಅಭ್ಯಾಸ ಮಾಡಿದ್ದವರು ಆಕೆ. ನೆರವಿಗೆ ಹೋದ ತರುಣರಲ್ಲಿ ನಂದಲಾಲರ ಹಾಗೆ ವೆಂಕಟಪ್ಪನವರೂ ಇದ್ದರು. ಹಂಪಿಯ ಛಾವಣಿಗಿಂತ ಎಷ್ಟೋ ಶತಮಾನ ಹಿಂದಿನ ಆ ಗೋಡೆಗಳ ಮೇಲೂ ಮಣ್ಣಿನ ಬಣ್ಣಗಳೇ ಇದ್ದವು. 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಇಂಗ್ಲಿಷ್ ಗ್ರಂಥ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳು ಅಚ್ಚಾಗಿದ್ದವು. ಆಗ ಅವರ ವಯಸ್ಸು ಇಪ್ಪತ್ತೇಳು.

1916ರಲ್ಲಿ ಅವರು ಮೈಸೂರಿಗೆ ಮರಳಿದರು. ಮದುವೆಯಾಗಲಿಲ್ಲ, ಬ್ರಹ್ಮಚಾರಿಯಾಗಿಯೇ ಕಠಿಣವಾದ ದಿನಚರಿಯಲ್ಲಿ ಬದುಕಿದರು. ನಡುವೆ ವೀಣೆಯ ಗೀಳು ಹಿಡಿಯಿತು. ವೈಣಿಕ ಶಿಖಾಮಣಿ ಶೇಷಣ್ಣನವರಲ್ಲಿ ಪಾಠ ಮಾಡಿಕೊಂಡು, ಚಿತ್ರವನ್ನೂ ಮರೆಯುವಷ್ಟು ಅದರಲ್ಲಿ ಮುಳುಗಿದರು. ಆ ಗೀಳನ್ನೇ ವಸ್ತುವಾಗಿಸಿ ವೀಣೆಯ ಹುಚ್ಚು ಎಂಬ ಚಿತ್ರವನ್ನೂ ಬರೆದರು.

ಅವರಿಗೆ ಹೆಚ್ಚಿನ ಕೀರ್ತಿ ತಂದದ್ದು ಊಟಿಯ ಜಲವರ್ಣ ಚಿತ್ರಗಳು. ಕಲ್ಕತ್ತೆಯಲ್ಲಿ ಕಲಿತ ಪುರಾಣದ ವಸ್ತುಗಳನ್ನು ಬದಿಗಿಟ್ಟು ಅವರು ನೀಲಗಿರಿಯ ಬೆಟ್ಟ, ಕೆರೆ, ಮಂಜು, ಬೆಳದಿಂಗಳುಗಳನ್ನು ಕಣ್ಣಾರೆ ಕಂಡು ಬರೆದರು. ಬೆಟ್ಟದ ಮೇಲೆ ಗಳಿಗೆಗೊಮ್ಮೆ ಬೆಳಕು ಬದಲಾಗುತ್ತದೆ. ಅದನ್ನು ಹಿಡಿಯಲು ತೆಳುವಾದ ಬಣ್ಣದ ಹಿಂದಿನಿಂದ ಕಾಗದವೇ ಹೊಳೆಯುವ ಈ ಪದ್ಧತಿ ಹೇಳಿ ಮಾಡಿಸಿದಂತಿತ್ತು. ಚಿಕ್ಕ ಅಳತೆಯ ಆ ಚಿತ್ರಗಳ ಮುಂದೆ ನಿಂತವರಿಗೆ ಚಳಿಯ ಅನುಭವವಾದರೆ ಆಶ್ಚರ್ಯವಿಲ್ಲ.

ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರಗಳನ್ನೂ ಮಾಡತೊಡಗಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಕಲಾವಿದನ ಬೆಲೆ ಬಲ್ಲ ಪೋಷಕರು ಹೋದ ಮೇಲೆ ಆ ಕೆಲಸ ನಿಂತಿತು. ಮಾಡಿದ ಕೆಲಸದ ಪ್ರತಿಫಲದ ವಿಚಾರದಲ್ಲಿ ತಕರಾರು ಬೆಳೆದು ನ್ಯಾಯಾಲಯದ ಮೆಟ್ಟಿಲೇರಿತು. ಅರಮನೆಯ ವಿರುದ್ಧ ಒಬ್ಬ ಚಿತ್ರಕಾರ ದಾವೆ ಹೂಡುವುದು ಅಂದಿನ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಅವರ ಹಿರಿಯರು ದೊರೆ ಕೊಟ್ಟದ್ದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡವರು. ಇವರಾದರೋ ತಮ್ಮ ದುಡಿಮೆಗೆ ಒಂದು ಬೆಲೆಯಿದೆ, ಅದನ್ನು ಕೇಳುವ ಹಕ್ಕು ತಮಗಿದೆ ಎಂದು ನಿಂತರು. ಅದಕ್ಕಾಗಿ ಅವರು ಕಳೆದುಕೊಂಡದ್ದೂ ಬಹಳ. ಬೆಂಗಳೂರಿಗೆ ಬಂದು ನೆಲೆಸಿ, ಹೊರಗಿನವರೊಡನೆ ಹೆಚ್ಚು ಬೆರೆಯದೆ ಉಳಿದರು. ಕುಂಚ ಹಿಡಿಯುವುದು ಅಪರೂಪವಾಯಿತು. 1965ರಲ್ಲಿ ತೀರಿಕೊಂಡರು. ಮುಂದಿನ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಸ್ತು ಸಂಗ್ರಹಾಲಯದ ಪಕ್ಕದಲ್ಲೇ ಅವರ ಹೆಸರಿನ ಕಲಾಶಾಲೆ, ಅಂದರೆ ವೆಂಕಟಪ್ಪ ಚಿತ್ರಶಾಲೆ, ತಲೆಯೆತ್ತಿತು. ಅವರ ಜಲವರ್ಣಗಳೂ ಉಬ್ಬುಚಿತ್ರಗಳೂ ಅಲ್ಲಿವೆ. ಶಾಲೆಯ ಪ್ರವಾಸ ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಅವನ್ನು ತೋರಿಸಬೇಕೆಂಬುದು ನನ್ನ ಕೋರಿಕೆ.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಯಾವ ಬಣ್ಣ ಮೇಲು? ಉತ್ತರ ಇಷ್ಟೇ. ಏನನ್ನು ಬರೆಯಬೇಕು, ಎಲ್ಲಿ ಕುಳಿತು ಬರೆಯಬೇಕು, ಕೈ ಎಂಥದು ಎಂಬುದರ ಮೇಲೆ ಬಣ್ಣದ ಆಯ್ಕೆ. ಸಾವಕಾಶವಾಗಿ ತಿದ್ದುತ್ತಾ ಒಂದು ಮುಖವನ್ನು ಬರೆಯಲು ಎಣ್ಣೆಯ ಬಣ್ಣ ಒಳ್ಳೆಯದು. ಆದರೆ ಕ್ಯಾನ್‌ವಾಸ್, ಎಣ್ಣೆ, ಟರ್ಪೆಂಟೈನ್ ಎಲ್ಲಕ್ಕೂ ದುಡ್ಡು ಬೇಕು, ಆರಲು ಜಾಗ ಬೇಕು. ಹೊಳೆಯ ಮೇಲಿನ ಮಂಜು, ಮಳೆ ಬಂದು ಹೋದ ಆಕಾಶ ಇವಕ್ಕೆ ತಿಳಿಯಾದ ಜಲವರ್ಣ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಕುಂಚ ಎತ್ತುವುದರೊಳಗೆ ಬಣ್ಣ ಒಣಗಿ ಗೆರೆ ಬಿಡುತ್ತದೆ, ಆದ್ದರಿಂದ ಬೆಳಗಿನ ಹೊತ್ತೇ ಸರಿ. ಹಂಪಿಯ ಬಂಡೆ, ಮಂಟಪದ ಕಂಬ, ಕಪ್ಪು ನೆರಳು, ಅದರ ಪಕ್ಕದಲ್ಲೇ ಕಣ್ಣು ಕುಕ್ಕುವ ಬಿಸಿಲು ಇವಕ್ಕೆ ಪೋಸ್ಟರ್ ಕಲರಿನಂಥ ಒತ್ತಾದ ಬಣ್ಣ ಚೆನ್ನಾಗಿ ಒಗ್ಗುತ್ತದೆ. ಮೊದಲು ನೆರಳನ್ನು ಹಚ್ಚಿ, ಅದು ಒಣಗಿದ ಮೇಲೆ ಬೆಳಕನ್ನು ಇಡಬಹುದು. ತಪ್ಪಿದರೆ ಮೇಲೆ ಹಚ್ಚಿ ತಿದ್ದಬಹುದು.

ಒತ್ತಾದ ಬಣ್ಣಕ್ಕೂ ಅದರದೇ ತೊಡಕುಗಳಿವೆ. ಒಣಗಿದಾಗ ತಿಳಿ ಬಣ್ಣ ಕೊಂಚ ಗಾಢವಾಗುತ್ತದೆ, ಗಾಢ ಬಣ್ಣ ಕೊಂಚ ತಿಳಿಯಾಗುತ್ತದೆ. ಆದ್ದರಿಂದ ಬೇರೊಂದು ಕಾಗದದ ಚೂರಿನ ಮೇಲೆ ಹಚ್ಚಿ ಒಣಗಿಸಿ ನೋಡಬೇಕು. ಎರಡನೆಯ ಪದರ ಹಚ್ಚುವಾಗ ನೀರು ಹೆಚ್ಚಾದರೆ ಅಡಿಯ ಬಣ್ಣ ಎದ್ದು ಕೆಸರಾಗುತ್ತದೆ. ತುಂಬಾ ದಪ್ಪವಾದರೆ ಬಿರುಕು ಬಿಡುತ್ತದೆ. ಇವನ್ನೆಲ್ಲ ತಿಳಿದು ಹಚ್ಚಿದರೆ ಹತ್ತಾರು ರೂಪಾಯಿಯ ಬಣ್ಣದ ಬಾಟಲಿಯಿಂದಲೂ ಒಳ್ಳೆಯ ಚಿತ್ರ ಹುಟ್ಟುತ್ತದೆ.

ಒಂದು ಮಾತು ಊರಿನ ಹಿರಿಯರಿಗೆ. ಹೊಗೆ, ಧೂಳು, ಮಳೆನೀರಿನ ಸೋರಿಕೆ ಇವು ಇಂಥ ಛಾವಣಿ ಚಿತ್ರಗಳಿಗೆ ಶತ್ರುಗಳು. ಗೋಂದಿನ ಬಣ್ಣವಾಗಲಿ ಗಾರೆಯ ಮೇಲಿನ ಬಣ್ಣವಾಗಲಿ ಒಮ್ಮೆ ಉದುರಿದರೆ ಮರಳಿ ಬರುವುದಿಲ್ಲ. ಅದನ್ನು ಕಾಯುವ ಕೆಲಸ ಇಲಾಖೆಯವರದಷ್ಟೇ ಎಂದು ಸುಮ್ಮನಿರದೆ, ನಮ್ಮ ಮನೆಯ ಗೋಡೆಯಂತೆ ನೋಡಿಕೊಳ್ಳಬೇಕು.

ಇನ್ನೊಂದು ಮಾತು ನಮ್ಮ ವಿದ್ಯಾರ್ಥಿಗಳಿಗೆ. ಇಲ್ಲಿಂದ ಹೊರಟ ಬಣ್ಣ ಶ್ರೀರಂಗಪಟ್ಟಣಕ್ಕೆ, ಮೈಸೂರಿಗೆ ಹೋಯಿತು. ಆ ಮನೆತನದ ಒಬ್ಬ ಹುಡುಗ ಅದನ್ನು ಹೊತ್ತು ಕಲ್ಕತ್ತೆಗೂ ಅಜಂತಾಕ್ಕೂ ಹೋಗಿ ಬಂದು ದೊಡ್ಡ ಕಲಾವಿದನಾದ. ನಿಮ್ಮ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿರುವ ಪೋಸ್ಟರ್ ಕಲರ್ ಡಬ್ಬಿಯನ್ನು ಹಗುರವಾಗಿ ಕಾಣಬೇಡಿ. ಒಂದು ಭಾನುವಾರ ಬೆಳಿಗ್ಗೆ ಅದನ್ನು ಹಿಡಿದು ಬಜಾರಿನ ಸಾಲುಮಂಟಪದ ನೆರಳಿನಲ್ಲಿ ಕುಳಿತು ಎದುರಿಗಿರುವ ಮಾತಂಗ ಬೆಟ್ಟವನ್ನು ಬರೆಯಿರಿ. ಬರೆದದ್ದನ್ನು ಸೋಮವಾರ ಶಾಲೆಗೆ ತನ್ನಿ.