ಬರಿಗಾಲಿನ ರಾಮನ್ ಹೊಡೆದ ಗೋಲು

ಡಂಬಳದ ಕಡೆ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರಿಗೆ ಸಾರಂಗಪಾಣಿ ರಾಮನ್ ಹೆಸರು ಗೊತ್ತಿರಲಿಕ್ಕಿಲ್ಲ. ಕ್ರಿಕೆಟ್ ಗದ್ದಲದಲ್ಲಿ ದೊಡ್ಡವರೂ ಮರೆತಿದ್ದಾರೆ ಬಿಡಿ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಹೊಡೆದವರು ಮೈಸೂರಿನ ಈ ಆಟಗಾರ.

ಆಗ ಬೆಂಗಳೂರಿನ ಕ್ಲಬ್ಬುಗಳೆಂದರೆ ಹುಡುಗಾಟವಲ್ಲ. ಪಲ್ಟನ್ ತಂಡಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕಿತ್ತುಕೊಂಡು ಬಂತು, ಮರುವರ್ಷ ಮತ್ತೊಮ್ಮೆ. 1946ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಈ ಮಣ್ಣಿನಲ್ಲಿ ಪಳಗಿದ ಕಾಲು ರಾಮನ್ ಅವರದು.

1948ರ ಜುಲೈ 31. ಲಂಡನ್ ಹತ್ತಿರದ ಇಲ್ಫರ್ಡ್ ಮೈದಾನ. ಎದುರಿಗೆ ಬೂಟು ಹಾಕಿದ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು! ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷಕ್ಕೆ ರಾಮನ್ ಅದನ್ನು ಸರಿಗಟ್ಟಿದರು. ಅಷ್ಟಾದರೂ ಸಿಕ್ಕ ಎರಡು ಪೆನಾಲ್ಟಿಗಳೂ ಹಾಳಾದವು, ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಒಂದು ಪೆನಾಲ್ಟಿಯಾದರೂ ಒಳಗೆ ಹೋಗಿದ್ದರೆ!

ರಾಮನ್ ಮುಂದೆ ಕಲ್ಕತ್ತಾದ ಮೋಹನ್ ಬಾಗಾನ್‌ಗೂ ಆಡಿದರು. ಬರಿಗಾಲಿನ ಆಟ ಮಾತ್ರ ಬಹಳ ದಿನ ಉಳಿಯಲಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10–1ರಿಂದ ಸೋಲಿಸಿದ ಮೇಲೆ ಬೂಟು ಕಡ್ಡಾಯವಾಯಿತು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ.