ಬೆಂಜಮಿನ್ ಟೈಲರ್ ಹೆನ್ರಿ

ಬೆಂಜಮಿನ್ ಟೈಲರ್ ಹೆನ್ರಿ (ಮಾರ್ಚ್ ೨೨, ೧೮೨೧ – ಜೂನ್ ೮, ೧೮೯೮) ಅಮೆರಿಕದ ಬಂದೂಕು ತಯಾರಕರು ಮತ್ತು ಯಂತ್ರ ವಿನ್ಯಾಸಕಾರರು. ಹಳೆಯ ಮಾದರಿಯ ಲಿವರ್ ಬಂದೂಕನ್ನು ಲೋಹದ ಕೋಶವುಳ್ಳ ಹೊಸ ತೋಟಾಕ್ಕೆ ಹೊಂದುವಂತೆ ಪರಿವರ್ತಿಸಿ, ೧೮೬೦ರಲ್ಲಿ 'ಹೆನ್ರಿ ರೈಫಲ್' ಅನ್ನು ರೂಪಿಸಿದ್ದು ಇವರ ಮುಖ್ಯ ಸಾಧನೆಯಾಗಿದೆ. ಮುಂದೆ ಪ್ರಸಿದ್ಧವಾದ ವಿಂಚೆಸ್ಟರ್ ರೈಫಲ್‌ಗಳಿಗೆ ಇದೇ ತಳಹದಿಯಾಯಿತು.

ಆರಂಭಿಕ ಜೀವನ

ಹೆನ್ರಿಯವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕ್ಲೇರ್‌ಮಾಂಟ್‌ನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಬಂದೂಕು ತಯಾರಕರ ಬಳಿ ಕೆಲಸ ಕಲಿತ ಅವರು, ವರ್ಮಾಂಟ್ ರಾಜ್ಯದ ವಿಂಡ್ಸರ್‌ನಲ್ಲಿದ್ದ ರಾಬಿನ್ಸ್ ಮತ್ತು ಲಾರೆನ್ಸ್ ಕಾರ್ಖಾನೆಯನ್ನು ಸೇರಿ ಕ್ರಮೇಣ ಮೇಲ್ವಿಚಾರಕರ ಸ್ಥಾನಕ್ಕೇರಿದರು. ಒಂದರ ಭಾಗ ಇನ್ನೊಂದಕ್ಕೆ ಹೊಂದುವಂತೆ ಯಂತ್ರಗಳಿಂದ ಬಂದೂಕಿನ ಭಾಗಗಳನ್ನು ತಯಾರಿಸುವುದಕ್ಕೆ ಆ ಕಾರ್ಖಾನೆ ಹೆಸರಾಗಿತ್ತು. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಅವರೊಡನೆ ಕೆಲಸ ಮಾಡುವ ಅವಕಾಶವೂ ಹೆನ್ರಿಯವರಿಗೆ ದೊರೆಯಿತು.

ಹಿನ್ನೆಲೆ

ವಾಲ್ಟರ್ ಹಂಟ್ ಎಂಬ ಸಂಶೋಧಕರು ೧೮೪೮ರಲ್ಲಿ 'ರಾಕೆಟ್ ಬಾಲ್' ಎಂಬ ಗುಂಡನ್ನು ರೂಪಿಸಿದ್ದರು. ಸೀಸದ ಗುಂಡಿನ ಹಿಂಭಾಗವನ್ನು ಟೊಳ್ಳಾಗಿಸಿ ಅದರೊಳಗೆ ಮದ್ದನ್ನು ತುಂಬುವುದು ಇದರ ಕ್ರಮ. ಈ ಗುಂಡನ್ನು ಹಾರಿಸುವ ಬಂದೂಕನ್ನು ಲೂಯಿಸ್ ಜೆನ್ನಿಂಗ್ಸ್, ಬಳಿಕ ಸ್ಮಿತ್ ಮತ್ತು ವೆಸನ್ ಸುಧಾರಿಸಿದರು. ೧೮೫೫ರಲ್ಲಿ ಇದರ ತಯಾರಿಕೆಗಾಗಿ ವೋಲ್ಕಾನಿಕ್ ಕಂಪನಿ ಹುಟ್ಟಿತು. ಟೊಳ್ಳಿನಲ್ಲಿ ಹಿಡಿಸುವ ಮದ್ದು ಅತ್ಯಲ್ಪವಾದ್ದರಿಂದ ಗುಂಡಿಗೆ ಬಲವಿರಲಿಲ್ಲ. ಬಿಸಿ ಅನಿಲವು ನಳಿಗೆಯ ಹಿಂಬದಿಯಿಂದ ಸೋರುತ್ತಿತ್ತು. ಕಂಪನಿ ದಿವಾಳಿಯಾದಾಗ ಅಂಗಿ ತಯಾರಿಕೆಯ ಉದ್ಯಮಿ ಆಲಿವರ್ ವಿಂಚೆಸ್ಟರ್ ಅದರ ಆಸ್ತಿಯನ್ನು ಕೊಂಡು, ೧೮೫೭ರಲ್ಲಿ ನ್ಯೂ ಹೇವನ್ ಆರ್ಮ್ಸ್ ಕಂಪನಿಯನ್ನು ಸ್ಥಾಪಿಸಿದರು. ಕಾರ್ಖಾನೆಯ ಹೊಣೆಯನ್ನು ಹೆನ್ರಿಯವರಿಗೆ ವಹಿಸಲಾಯಿತು.

ತೋಟಾದ ಬದಲಾವಣೆ

ದೋಷದ ಮೂಲವು ಬಂದೂಕಿಗಿಂತ ಹೆಚ್ಚಾಗಿ ಗುಂಡಿನಲ್ಲಿತ್ತು. ಹೆನ್ರಿಯವರು ರಾಕೆಟ್ ಬಾಲ್ ಅನ್ನು ಕೈಬಿಟ್ಟು, .೪೪ ಅಂಗುಲ ವ್ಯಾಸದ 'ರಿಮ್‌ಫೈರ್' ತೋಟಾವನ್ನು ಅಳವಡಿಸಿಕೊಂಡರು. ಇದರ ತಾಮ್ರದ ಕೋಶದಲ್ಲಿ ಸುಮಾರು ೨೬ ಗ್ರೇನ್ ಮದ್ದು ಹಿಡಿಸುತ್ತಿತ್ತು. ಹೊತ್ತಿಸುವ ರಾಸಾಯನಿಕವು ಕೋಶದ ಬುಡದ ಅಂಚಿನೊಳಗೇ ಇರುತ್ತಿತ್ತು. ಸಿಡಿದಾಗ ಕೋಶವು ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುವುದರಿಂದ ಅನಿಲದ ಸೋರಿಕೆ ನಿಂತಿತು.

ಆದರೆ ಇದರಿಂದ ಹೊಸ ಸಮಸ್ಯೆಯೊಂದು ಎದುರಾಯಿತು. ರಾಕೆಟ್ ಬಾಲ್ ಹಾರಿದ ಮೇಲೆ ಒಳಗೆ ಕೋಶವೇನೂ ಉಳಿಯುತ್ತಿರಲಿಲ್ಲ. ಲೋಹದ ತೋಟಾ ಹಾರಿದ ಮೇಲೆ ಖಾಲಿ ಕೋಶವು ಒಳಗೇ ಉಳಿಯುತ್ತಿತ್ತು. ಆದ್ದರಿಂದ ಅದನ್ನು ಹಿಡಿದೆಳೆಯುವ ಕೊಕ್ಕೆಯನ್ನು ಹೆನ್ರಿಯವರು ಜೋಡಿಸಿದರು. ತೋಟಾದ ಅಂಚಿಗೆ ಎರಡು ಕಡೆ ಒಮ್ಮೆಗೇ ಬಡಿಯುವ ಕವಲು ಮೊಳೆಯನ್ನು ಅಳವಡಿಸಿ, ಗುಂಡು ಹಾರದೆ ಉಳಿಯುವ ಸಂಭವವನ್ನು ತಗ್ಗಿಸಿದರು. ಲಿವರನ್ನು ಕೆಳಗೆ ಒತ್ತಿದರೆ ಖಾಲಿ ಕೋಶ ಹೊರಬೀಳುತ್ತಿತ್ತು, ಬಂದೂಕಿನ ಕುದುರೆ ಹಿಂದಕ್ಕೆ ಸರಿದು ನಿಲ್ಲುತ್ತಿತ್ತು, ಹೊಸ ತೋಟಾ ಮೇಲೇರುತ್ತಿತ್ತು. ಲಿವರನ್ನು ಮರಳಿ ಎಳೆದರೆ ಆ ತೋಟಾ ನಳಿಗೆಯೊಳಗೆ ಸೇರುತ್ತಿತ್ತು. ಈ ರಚನೆಗೆ ೧೮೬೦ರ ಅಕ್ಟೋಬರ್ ೧೬ರಂದು ಪೇಟೆಂಟ್ ದೊರೆಯಿತು.

ಅಂತರ್ಯುದ್ಧದಲ್ಲಿ ಬಳಕೆ

ಆ ಕಾಲದ ಸೈನಿಕರಲ್ಲಿ ಹೆಚ್ಚಿನವರು ಒಂದೊಂದು ಗುಂಡಿಗೂ ನಳಿಗೆಯ ಬಾಯಿಯಿಂದ ಮದ್ದು ತುಂಬಬೇಕಾಗಿತ್ತು. ಹೆನ್ರಿ ರೈಫಲ್‌ನಲ್ಲಿ ನಳಿಗೆಯ ಅಡಿಯ ಕೊಳವೆಯೊಂದರಲ್ಲಿಯೇ ೧೫ ತೋಟಾಗಳು ಹಿಡಿಸುತ್ತಿದ್ದವು. ಆದರೂ ಮದ್ದುಗುಂಡು ವ್ಯರ್ಥವಾದೀತೆಂಬ ಅಂಜಿಕೆಯಿಂದ ಸೇನೆಯ ಹಿರಿಯ ಅಧಿಕಾರಿಗಳು ಇಂತಹ ಬಂದೂಕುಗಳಿಗೆ ಒಲವು ತೋರಲಿಲ್ಲ. ಸರ್ಕಾರ ಕೊಂಡದ್ದು ಸುಮಾರು ೧,೭೦೦ ಮಾತ್ರ. ಅನೇಕ ಯೋಧರು ಹಲವು ತಿಂಗಳ ಸಂಬಳವನ್ನು ತೆತ್ತು ತಾವೇ ಕೊಂಡುಕೊಂಡರು. ೧೮೬೪ರ ಅಲಟೂನಾ ಕಣಿವೆಯ ಕದನದಲ್ಲಿ ಇಲಿನಾಯ್ ರಾಜ್ಯದ ೭ನೆಯ ಪದಾತಿ ದಳವು ಈ ರೈಫಲ್‌ಗಳನ್ನು ಬಳಸಿತು.

ಈ ರೈಫಲ್‌ನಲ್ಲಿ ಕೊರತೆಗಳೂ ಇದ್ದವು. ಕೊಳವೆಯ ಸೀಳಿನೊಳಗೆ ಮಣ್ಣು ಸೇರುತ್ತಿತ್ತು. ನಳಿಗೆಗೆ ಮರದ ಹಿಡಿಕೆಯಿಲ್ಲದ್ದರಿಂದ ಸತತವಾಗಿ ಗುಂಡು ಹಾರಿಸಿದಾಗ ಕೈ ಸುಡುತ್ತಿತ್ತು. ಒಟ್ಟು ಸುಮಾರು ೧೪,೦೦೦ ರೈಫಲ್‌ಗಳು ತಯಾರಾದವು.

ಸಂಸ್ಥೆಯೊಡನೆ ವಿವಾದ

ಪೇಟೆಂಟ್ ಹೆನ್ರಿಯವರ ಹೆಸರಿನಲ್ಲಿದ್ದರೂ ಅದರ ಹಕ್ಕು ವಿಂಚೆಸ್ಟರ್ ಅವರಿಗೆ ಸೇರಿತ್ತು. ತಮ್ಮ ಶ್ರಮಕ್ಕೆ ತಕ್ಕ ಪ್ರತಿಫಲ ದೊರೆತಿಲ್ಲವೆಂಬ ಅಸಮಾಧಾನ ಹೆನ್ರಿಯವರಲ್ಲಿ ಬೆಳೆಯಿತು. ೧೮೬೦ರ ದಶಕದ ಮಧ್ಯಭಾಗದಲ್ಲಿ, ವಿಂಚೆಸ್ಟರ್ ಯುರೋಪಿನಲ್ಲಿದ್ದಾಗ, ಕನೆಕ್ಟಿಕಟ್ ಶಾಸನಸಭೆಯ ಮೂಲಕ ಕಂಪನಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಲು ಅವರು ಯತ್ನಿಸಿದರು. ಅವಸರದಿಂದ ಹಿಂದಿರುಗಿದ ವಿಂಚೆಸ್ಟರ್ ಈ ಯತ್ನವನ್ನು ತಡೆದು, ಉದ್ಯಮವನ್ನು ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಕಂಪನಿಯಾಗಿ ಪುನರ್ರಚಿಸಿದರು. ಹೆನ್ರಿಯವರು ಕಂಪನಿಯಿಂದ ಹೊರಬಂದರು.

೧೮೬೬ರ ಮಾದರಿಯಲ್ಲಿ ನೆಲ್ಸನ್ ಕಿಂಗ್ ಅವರು ಬದಿಯಿಂದ ತೋಟಾ ತುಂಬುವ ಕಿಂಡಿಯನ್ನು ಸೇರಿಸಿದರು. ತೋಟಾ ಅದೇ .೪೪ ಹೆನ್ರಿಯಾಗಿ ಉಳಿಯಿತಾದರೂ ರೈಫಲ್‌ನ ಹೆಸರು ವಿಂಚೆಸ್ಟರ್ ಎಂದಾಯಿತು. ೧೮೭೩ರ ಮಾದರಿಯು ಇನ್ನೂ ಬಲವಾದ, ಬುಡದ ನಡುವೆ ಕೇಪು ಉಳ್ಳ ತೋಟಾಕ್ಕೆ ಬದಲಾಯಿತು.

ಕೊನೆಯ ದಿನಗಳು ಮತ್ತು ಸ್ಮರಣೆ

ಹೆನ್ರಿಯವರು ಉಳಿದ ಜೀವಿತಾವಧಿಯನ್ನು ಬಂದೂಕು ತಯಾರಕರಾಗಿಯೇ ಕಳೆದು, ನ್ಯೂ ಹೇವನ್‌ನಲ್ಲಿ ೭೭ನೆಯ ವಯಸ್ಸಿನಲ್ಲಿ ನಿಧನರಾದರು. ೧೯೯೬ರಲ್ಲಿ ಸ್ಥಾಪಿತವಾದ ಹೆನ್ರಿ ರಿಪೀಟಿಂಗ್ ಆರ್ಮ್ಸ್ ಕಂಪನಿಯು ಇವರ ಹೆಸರನ್ನು ಹೊತ್ತಿದೆಯಾದರೂ ಇವರ ಮೂಲ ಸಂಸ್ಥೆಗೂ ಅದಕ್ಕೂ ನೇರ ಸಂಬಂಧವಿಲ್ಲ. ತಾವು ತೊರೆದ ವಿಂಚೆಸ್ಟರ್ ಕಂಪನಿಯ ರಿಮ್‌ಫೈರ್ ತೋಟಾಗಳ ಬುಡದಲ್ಲಿ ಮಾತ್ರ ಇವರ ಗೌರವಾರ್ಥವಾಗಿ 'ಎಚ್' ಅಕ್ಷರವನ್ನು ಒತ್ತುವ ಪದ್ಧತಿ ಮುಂದುವರಿಯಿತು.