ಲಿಸ್ಯೂವಿನ ಚಳಿಗಾಲದಲ್ಲಿ ಒಬ್ಬ ತಂದೆ

ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡು ನಿಂತ ಬಾಲಯೇಸುವಿನ ಸಂತ ತೆರೇಸಮ್ಮನವರ ಸ್ವರೂಪವನ್ನು ನೋಡದ ಕಥೋಲಿಕರು ನಮ್ಮಲ್ಲಿ ವಿರಳ. ಆದರೆ ಅವರ ತಂದೆಯನ್ನು ಬಲ್ಲವರು ಕಡಿಮೆ. 2015ರ ಅಕ್ಟೋಬರ್ 18ರಂದು ವಿಶ್ವಗುರು ಫ್ರಾನ್ಸಿಸ್‌ರವರು ಲೂಯಿ ಮಾರ್ಟಿನ್ ಮತ್ತು ಝೆಲಿ ದಂಪತಿಗಳನ್ನು ಒಟ್ಟಿಗೆ ಸಂತ ಪದವಿಗೇರಿಸಿದ ಮೇಲೆ ಆ ಹೆಸರು ನಮ್ಮ ಕಿವಿಗೆ ಬಿದ್ದಿದೆ, ಅಷ್ಟೆ. ಬಿಳಿಗಡ್ಡದ ಆ ಸೌಮ್ಯ ಮುಖದ ಹಿಂದೆ, ಹೆಂಡತಿಯನ್ನು ಮಣ್ಣುಮಾಡಿ ಬಂದು ತಾಯಿಯಿಲ್ಲದ ಐವರು ಹೆಣ್ಣುಮಕ್ಕಳನ್ನು ಮನೆಯಲ್ಲೇ ಇದ್ದು ಬೆಳೆಸಿದ ಒಬ್ಬ ಗಂಡಸಿದ್ದಾನೆ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ.

ಲೂಯಿಯವರು ಹುಟ್ಟಿದ್ದು 1823ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದಲ್ಲಿ. ತಂದೆ ಸೈನ್ಯದಲ್ಲಿದ್ದವರು. ಮಗ ಕಲಿತದ್ದು ಗಡಿಯಾರದ ಕೆಲಸ. ಆದರೆ ಮನಸ್ಸು ಮಠದ ಕಡೆಗಿತ್ತು. 22ನೆಯ ವಯಸ್ಸಿನಲ್ಲಿ ಆಲ್ಪ್ಸ್ ಪರ್ವತದ ಮಹಾ ಸಂತ ಬೆರ್ನಾರ್ಡ್ ಕಣಿವೆಯ ಮಠಕ್ಕೆ ಹೋಗಿ ಸೇರಿಸಿಕೊಳ್ಳಬೇಕೆಂದು ಬೇಡಿದರು. ಹಿಮದಲ್ಲಿ ದಾರಿ ತಪ್ಪಿದ ಪ್ರಯಾಣಿಕರನ್ನು ಹುಡುಕಿ ಉಳಿಸುವುದು ಅಲ್ಲಿನ ಮಠವಾಸಿಗಳ ಸೇವೆ. ಲತೀನ್ ಬಾರದೆಂಬ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಊರಿಗೆ ಬಂದು ಲತೀನ್ ಕಲಿಯಲು ಹೊರಟದ್ದೂ ಕೈಗೂಡಲಿಲ್ಲ. 1850ರಲ್ಲಿ ಅಲಾನ್‌ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ತೆರೆದರು. 1858ರಲ್ಲಿ ಲೇಸು ಹೆಣೆಯುವ ಉದ್ಯಮ ನಡೆಸುತ್ತಿದ್ದ ಝೆಲಿಯವರನ್ನು ಮದುವೆಯಾದರು. ಒಂಬತ್ತು ಮಕ್ಕಳು ಹುಟ್ಟಿದರು. ಇಬ್ಬರು ಗಂಡು, ಇಬ್ಬರು ಹೆಣ್ಣು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಹೆಂಡತಿಯ ಕಸುಬಿಗೆ ನೆರವಾಗಲೆಂದು 1870ರಲ್ಲಿ ಲೂಯಿಯವರು ತಮ್ಮ ಅಂಗಡಿಯನ್ನೇ ಬಿಟ್ಟುಕೊಟ್ಟರು.

1877ರ ಆಗಸ್ಟ್ 28ರಂದು ಝೆಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಲೂಯಿಯವರಿಗೆ ಆಗ 54 ವರ್ಷ. ಹಿರಿಯಳು ಮರಿಗೆ 17, ಪೊಲೀನಳಿಗೆ 16 ಆಗುವುದರಲ್ಲಿತ್ತು, ಲಿಯೋನಿಗೆ 14, ಸೆಲೀನಳಿಗೆ 8, ತೆರೇಸಾಳಿಗೆ ನಾಲ್ಕೂವರೆ. ಅಲಾನ್‌ಸೋನಿನಲ್ಲಿ ಅವರಿಗೆ ಗೆಳೆಯರಿದ್ದರು, ಮೀನು ಹಿಡಿಯಲು ಹೊಳೆಯಿತ್ತು, ಮಡದಿಯ ಸಮಾಧಿಯಿತ್ತು. ಆದರೂ ಮಕ್ಕಳಿಗೆ ಅತ್ತೆಯ ಆಸರೆ ಸಿಗಲೆಂದು, ಝೆಲಿಯ ತಮ್ಮ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಲಿಸ್ಯೂ ಪಟ್ಟಣಕ್ಕೆ ಹೊರಡಲು ಒಪ್ಪಿದರು. ನವೆಂಬರ್ ನಡುವಿನಲ್ಲಿ ಮಕ್ಕಳು ಸೋದರಮಾವನ ಜೊತೆ ಹೋದರು. ವ್ಯಾಪಾರದ ಲೆಕ್ಕ ಮುಗಿಸಿ ತಂದೆ ಆ ತಿಂಗಳ ಕೊನೆಗೆ ಬಂದು ಸೇರಿದರು. ಊರಂಚಿನ ದಿಬ್ಬದ ಮೇಲೆ ತೋಟವಿರುವ ಬಾಡಿಗೆ ಮನೆ. ಅದರ ಹೆಸರು ಬುಯಿಸೊನೆ.

ಹೊಸ ಊರು, ತಾಯಿಯಿಲ್ಲದ ಮನೆ, ಎದುರಿಗೆ ಚಳಿಗಾಲ. ನಾರ್ಮಂಡಿಯ ಚಳಿಗಾಲವೆಂದರೆ ಸದಾ ಹಿಮ ಬೀಳುವುದೆಂದು ತಿಳಿಯಬಾರದು. ಅದು ಹೆಚ್ಚಾಗಿ ಜಿಟಿಜಿಟಿ ಮಳೆ, ಮಂಜು, ಗೋಡೆಗಿಳಿಯುವ ತೇವ. ಡಿಸೆಂಬರಿನಲ್ಲಿ ಬೆಳಕು ಹರಿಯುವಾಗ ಎಂಟಾಗುತ್ತದೆ, ಸಂಜೆ ಬಲುಬೇಗ ಕತ್ತಲು. ತೋಟದಲ್ಲಿ ಮಾಡಲು ಕೆಲಸವಿಲ್ಲ. ಹೀಗೆ ತಿಂಗಳುಗಟ್ಟಲೆ. ದುಃಖದಲ್ಲಿರುವ ಮನೆಗೆ ಆ ಉದ್ದನೆಯ ಸಂಜೆಗಳು ಎಷ್ಟು ಭಾರವೆಂಬುದನ್ನು ಚಳಿ ಕಾಣದ ನಾವೂ ಊಹಿಸಬಹುದು.

ಲೂಯಿಯವರು ಮಾಡಿದ್ದು ದೊಡ್ಡದೇನಲ್ಲ. ದಿನಕ್ಕೊಂದು ಕ್ರಮ ಇಟ್ಟರು, ಆ ಕ್ರಮವನ್ನು ತಪ್ಪಲಿಲ್ಲ. ಬೆಳಿಗ್ಗೆ ಬಲಿಪೂಜೆ. ಮರಿ ಮನೆವಾರ್ತೆ ನೋಡಿಕೊಂಡಳು, ಪೊಲೀನ್ ಪುಟ್ಟ ತಂಗಿಗೆ ಪಾಠ ಹೇಳಿದಳು. ಮಧ್ಯಾಹ್ನ ತಂದೆ ತೆರೇಸಾಳ ಕೈಹಿಡಿದು ತಿರುಗಾಟಕ್ಕೆ ಹೊರಡುತ್ತಿದ್ದರು. ದಿನಕ್ಕೊಂದು ದೇವಾಲಯಕ್ಕೆ ಹೋಗಿ ಪರಮಪ್ರಸಾದದ ಮುಂದೆ ಸ್ವಲ್ಪ ಹೊತ್ತು ಮೊಣಕಾಲೂರುತ್ತಿದ್ದರು. ದಾರಿಯಲ್ಲಿ ಬಡವರು ಕಂಡರೆ ಕಾಸನ್ನು ಮಗುವಿನ ಕೈಯಿಂದಲೇ ಕೊಡಿಸುತ್ತಿದ್ದರು.

ಸಂಜೆ ಎಲ್ಲರೂ ಅಗ್ಗಿಷ್ಟಿಕೆಯ ಸುತ್ತ ಸೇರುತ್ತಿದ್ದರು. ಮೊದಲು ಚೌಕದ ಹಲಗೆಯ ಮೇಲೆ ಕಾಯಿ ನಡೆಸುವ ಆಟ. ಆಮೇಲೆ ಹಿರಿಯ ಹುಡುಗಿಯರಲ್ಲೊಬ್ಬಳು ಗಟ್ಟಿಯಾಗಿ ಓದಬೇಕು. ಓದುತ್ತಿದ್ದದ್ದು ಬೆನೆದಿಕ್ತ ಸಭೆಯ ಗುರು ಗೆರಾಂಜೆಯವರು ಧರ್ಮಸಭೆಯ ಆರಾಧನಾ ವರ್ಷವನ್ನು ಕುರಿತು ಬರೆದ ಗ್ರಂಥ. ಅದರ ನಂತರ ಕಥೆಯೋ ಮಾಹಿತಿಯೋ ಇರುವ ಬೇರೊಂದು ಪುಸ್ತಕದ ಕೆಲವು ಪುಟ. ತೆರೇಸಾ ಅಪ್ಪನ ತೊಡೆಯ ಮೇಲೆ. ಓದು ಮುಗಿದ ಮೇಲೆ ಅವರು ತಮ್ಮ ಒಳ್ಳೆಯ ಕಂಠದಲ್ಲಿ ಹಾಡು ಹೇಳಿ ಅವಳನ್ನು ತೂಗುವರು. ಕೊನೆಗೆ ಎಲ್ಲರೂ ಮಹಡಿಗೆ ಹೋಗಿ ರಾತ್ರಿಯ ಪ್ರಾರ್ಥನೆ. ತಂದೆ ಪ್ರಾರ್ಥಿಸುವುದನ್ನು ನೋಡಿದರೆ ಸಂತರು ಹೇಗೆ ಪ್ರಾರ್ಥಿಸುತ್ತಾರೆಂದು ತಿಳಿಯುತ್ತಿತ್ತು ಎಂಬರ್ಥದಲ್ಲಿ ತೆರೇಸಮ್ಮನವರೇ ಮುಂದೆ ಬರೆದಿದ್ದಾರೆ.

ಆ ಗ್ರಂಥದ ಆಯ್ಕೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಆಗಮನ ಕಾಲ, ಕ್ರಿಸ್ತಜಯಂತಿ, ಮೂರು ರಾಯರ ಹಬ್ಬ, ಫೆಬ್ರವರಿ 2ರ ಮೇಣದಬತ್ತಿಗಳ ಆಶೀರ್ವಾದ, ತಪಸ್ಸುಕಾಲ. ಹೊರಗೆ ಒಂದೇ ಬೂದುಬಣ್ಣದ ದಿನಗಳು ಸಾಲುಗಟ್ಟಿದ್ದರೂ ಆ ಮನೆಯಲ್ಲಿ ಒಂದು ದಿನ ಇನ್ನೊಂದರಂತಿರಲಿಲ್ಲ. ಧೈರ್ಯವೆಂಬ ಸದ್ಗುಣದ ಮುಖ್ಯ ಕಾರ್ಯ ಮೇಲೆ ಬಿದ್ದು ಹೋರಾಡುವುದಲ್ಲ, ತಾಳಿಕೊಂಡು ನಿಲ್ಲುವುದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ಸೆಮಿನರಿಯಲ್ಲಿ ಅದನ್ನು ಓದಿದಾಗ ನನಗೆ ರಕ್ತಸಾಕ್ಷಿಗಳಷ್ಟೇ ನೆನಪಾಗುತ್ತಿದ್ದರು. ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ದಿನ ತಳ್ಳುವ ತಂದೆತಾಯಿಗಳಿಗೂ ಅದು ಸಲ್ಲುತ್ತದೆ.

ಭಾನುವಾರ ಮಕ್ಕಳು ಸೋದರಮಾವನ ಮನೆಯಲ್ಲಿರುತ್ತಿದ್ದರು. ರಾತ್ರಿ ಎಂಟಕ್ಕೆ ಅಪ್ಪ ಬಂದು ಕರೆದುಕೊಂಡು ಹೋಗುವರು. ಮೋಡವಿಲ್ಲದ ರಾತ್ರಿಗಳಲ್ಲಿ ತೆರೇಸಾ ಆಕಾಶ ನೋಡುತ್ತ ನಡೆಯುತ್ತಿದ್ದಳು. ಚಿನ್ನದ ಮಣಿಗಳಂಥ ಒಂದು ನಕ್ಷತ್ರಗುಂಪು ಅವಳ ಹೆಸರಿನ ಫ್ರೆಂಚ್ ಮೊದಲಕ್ಷರದಂತೆ ಕಾಣುತ್ತಿತ್ತು. ತನ್ನ ಹೆಸರು ಸ್ವರ್ಗದಲ್ಲಿ ಬರೆದಿದೆಯೆಂದು ಅಪ್ಪನಿಗೆ ತೋರಿಸುವಳು. ಆಮೇಲೆ ನೆಲ ನೋಡದೆ, ತಲೆ ಮೇಲೆತ್ತಿಕೊಂಡೇ, ದಾರಿ ತೋರಿಸುವ ಕೆಲಸವನ್ನು ಅಪ್ಪನ ಕೈಗೆ ಬಿಟ್ಟುಬಿಡುವಳು.

ಎಲ್ಲ ಚಳಿಗಾಲವೂ ಹೀಗಿರಲಿಲ್ಲ. 1882ರ ಅಕ್ಟೋಬರಿನಲ್ಲಿ ಪೊಲೀನ್ ಕಾರ್ಮೆಲ್ ಮಠ ಸೇರಿದಳು. ಅವಳನ್ನೇ ಎರಡನೆಯ ತಾಯಿಯೆಂದುಕೊಂಡಿದ್ದ ತೆರೇಸಾಳಿಗೆ ವರ್ಷದ ಕೊನೆಯಿಂದ ಬಿಡದ ತಲೆನೋವು. 1883ರ ಪಾಸ್ಖದ ಹೊತ್ತಿಗೆ, ತಂದೆ ಮರಿ ಮತ್ತು ಲಿಯೋನಿಯರೊಡನೆ ಪ್ಯಾರಿಸಿನಲ್ಲಿದ್ದಾಗ, ನಡುಕ, ಭಯ, ಭ್ರಮೆಗಳು ಹಿಡಿದವು. ವೈದ್ಯರಿಗೆ ಗೊತ್ತಾಗಲಿಲ್ಲ. ಒಂದು ದಿನ ತಂದೆ ಹಾಸಿಗೆಯ ಬಳಿ ಬಂದು ಕುಳಿತಾಗ ಅವರ ಕೈಯಲ್ಲಿದ್ದ ಟೋಪಿಯೇ ಮಗುವಿಗೆ ಭಯಂಕರ ರೂಪವಾಗಿ ಕಂಡು ಅವಳು ಚೀರಿದಳು. ಅವರು ಅಳುತ್ತ ಹೊರಗೆ ಹೋದರು. ಮತ್ತೊಂದು ದಿನ ಮರಿಯ ಕೈಗೆ ಚಿನ್ನದ ನಾಣ್ಯಗಳನ್ನು ಕೊಟ್ಟು, ಪ್ಯಾರಿಸಿನ ವಿಜಯಮಾತೆಯ ದೇವಾಲಯದಲ್ಲಿ ಪೂಜೆಗಳನ್ನು ಮಾಡಿಸಲು ಬರೆಯೆಂದರು. ಆ ನವೇನದ ನಡುವೆ, ಮೇ 13ರ ಪೆಂತೆಕೋಸ್ತ್ ಭಾನುವಾರ, ಹಾಸಿಗೆಯ ಬಳಿಯ ಮಾತೆಯ ಸ್ವರೂಪ ತನ್ನತ್ತ ನಗುವುದನ್ನು ತೆರೇಸಾ ಕಂಡು ಗುಣಮುಖಳಾದಳು. ಮದುವೆಗೆ ಮುಂಚೆ ಲೂಯಿಯವರಿಗೆ ಉಡುಗೊರೆಯಾಗಿ ಬಂದಿದ್ದ ಸ್ವರೂಪ ಅದು.

ಅವರಿಗೂ ದಣಿವಾಗುತ್ತಿತ್ತು. 1886ರ ಕ್ರಿಸ್ಮಸ್ ರಾತ್ರಿ ಪೂಜೆಯಿಂದ ಬಂದಾಗ, ಅಗ್ಗಿಷ್ಟಿಕೆಯ ಬಳಿ ಮಕ್ಕಳಿಗಾಗಿ ಉಡುಗೊರೆ ತುಂಬಿಟ್ಟ ಬೂಟುಗಳನ್ನು ಕಂಡು, ಸದ್ಯ ಇದೇ ಕೊನೆಯ ವರ್ಷ ಎಂದು ಬೇಸರದಿಂದ ಗೊಣಗಿದರು. ಸುಮಾರು 14 ವರ್ಷದ ತೆರೇಸಾ ಮೆಟ್ಟಿಲ ಮೇಲೆ ಅದನ್ನು ಕೇಳಿಸಿಕೊಂಡಳು. ಕಣ್ಣೀರು ನುಂಗಿ ಕೆಳಗಿಳಿದು ನಗುನಗುತ್ತ ಉಡುಗೊರೆ ಬಿಚ್ಚಿದಳು, ಅಪ್ಪನೂ ನಕ್ಕರು. ಆ ರಾತ್ರಿಯನ್ನೇ ಆಕೆ ತನ್ನ ಮನಪರಿವರ್ತನೆಯ ರಾತ್ರಿಯೆಂದು ಕರೆದಳು. ಸಂತರ ಚರಿತ್ರೆಗಳಲ್ಲಿ ಇಂಥ ಗೊಣಗಾಟವನ್ನು ಅಳಿಸಿಹಾಕದೆ ಉಳಿಸಿರುವುದು ನನಗೆ ಸಮಾಧಾನದ ವಿಷಯ.

ಮಠ ಸೇರಲಾಗದ ತಂದೆ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಮಠಕ್ಕೆ ಒಪ್ಪಿಸಿದರು. 1886ರಲ್ಲಿ ಮರಿ, 1888ರ ಏಪ್ರಿಲಿನಲ್ಲಿ ತೆರೇಸಾ. ಅಷ್ಟರಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತ್ತು, ನೆನಪು ತಪ್ಪತೊಡಗಿತ್ತು. 1889ರ ಜನವರಿ 10ರಂದು ತೆರೇಸಾ ಮಠದ ಉಡುಪು ಧರಿಸಿದಾಗ ಬಂದು ಕೈಹಿಡಿದು ನಡೆಸಿದರು. ಅವಳು ಬಯಸಿದಂತೆ ಅಂದು ಹಿಮ ಬಿದ್ದಿತ್ತು. ಫೆಬ್ರವರಿ 12ರಂದು ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಕ್ಕಳು ಮಠಕ್ಕೆ ಹೋದದ್ದರಿಂದಲೇ ಹೀಗಾಯಿತೆಂದು ಊರವರು ಆಡಿಕೊಂಡರು. ಮೂರು ವರ್ಷಕ್ಕೂ ಮೀರಿ ಅಲ್ಲಿದ್ದರು.

1892ರ ಮೇ ತಿಂಗಳಲ್ಲಿ ಲಿಸ್ಯೂವಿಗೆ ಮರಳಿದಾಗ ಕಾಲುಗಳು ನಿಂತುಹೋಗಿದ್ದವು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಮಠದಲ್ಲಿದ್ದ ಮೂವರು ಹೆಣ್ಣುಮಕ್ಕಳನ್ನು ನೋಡಲು ಒಮ್ಮೆ ಕರೆದೊಯ್ದರು. ಹೊರಡುವ ಹೊತ್ತಿಗೆ ಲೂಯಿಯವರು ಕಣ್ಣೀರಿನೊಡನೆ ಬೆರಳನ್ನು ಮೇಲಕ್ಕೆತ್ತಿ ಆಕಾಶ ತೋರಿಸಿ, ಸ್ವರ್ಗವೆಂಬ ಒಂದೇ ಮಾತನ್ನು ಪ್ರಯಾಸದಿಂದ ಹೇಳಿದರು. ಆ ಮೂವರೂ ಅವರನ್ನು ಮತ್ತೆ ಕಾಣಲಿಲ್ಲ. ಸೆಲೀನ್ ಕೊನೆಯವರೆಗೂ ಅವರ ಆರೈಕೆ ಮಾಡಿದಳು. 1894ರ ಜುಲೈ 29ರಂದು ಅವರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಅವಳೂ ಕಾರ್ಮೆಲ್ ಸೇರಿದಳು.